ಒಂದನೆಯ ಕೋವಿ, ಎರಡನೆಯ ನಳಿಗೆ

"ನಾಳೆ ಶೆಟ್ರು ಸ್ಟೇಷನ್ನಿಗೆ ಹೋಗ್ತಾರಂತೆ ಬಾಯಿ. ದೂರು ಕೊಟ್ರೆ ನನ್ನ ಲೈಸೆನ್ಸ್ ಹೋಯ್ತು. ಅಪ್ಪ ಕಟ್ಟಿದ ಅಂಗಡಿ," ಎಂದು ಲೆಸ್ಟರ್ ನಮ್ಮ ಜಗಲಿಯಲ್ಲಿ ಕುಸಿದು ಕುಳಿತ.

ಐರಿನ್ ಬಾಯಿ ಮಸ್ಕತ್ತಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಬಲ್ಮಠದಲ್ಲಿ ಅವರ ಮನೆ ಕೆಳಗೆ, ನನ್ನದು ಮೇಲೆ. ಏನು ಕಳೆದರೂ ಜನ ಅವರಲ್ಲಿಗೆ ಬರುತ್ತಾರೆ. ಅವರ ಜೊತೆಗೆ ಹೋಗುವುದು ನಿವೃತ್ತ ಮಾಸ್ತರ ಶೀನಪ್ಪನಾದ ನನಗೆ ದೇವರು ಒಪ್ಪಿಸಿದ ಕೆಲಸ.

ಲೆಸ್ಟರನದು ಕೋವಿಯ ಅಂಗಡಿ. ಚುನಾವಣೆ ಬಂದರೆ ಕೋವಿ ಇದ್ದವರು ಅದನ್ನು ಠಾಣೆಯಲ್ಲೋ ಇಂಥ ಅಂಗಡಿಯಲ್ಲೋ ಇಟ್ಟು, ಎಲ್ಲ ಮುಗಿದ ಮೇಲೆ ಒಯ್ಯಬೇಕು. ಸರ್ವೋತ್ತಮ ಶೆಟ್ಟರೂ ಅಜ್ಜನ ಕಾಲದ ಇಂಗ್ಲೆಂಡಿನ ಜೋಡಿ ನಳಿಗೆಯ ಕೋವಿಯನ್ನು ಹಾಗೆಯೇ ಇಟ್ಟು ಒಯ್ದಿದ್ದರು. ಮನೆಯಲ್ಲಿ ಬಿಚ್ಚಿ ನೋಡಿದಾಗ ನಳಿಗೆಯ ಅಡಿಯಲ್ಲಿದ್ದ ನಂಬರು ಲೈಸೆನ್ಸಿನದ್ದಲ್ಲ. ಲೆಸ್ಟರ್ ಹಳೆಯ ನಳಿಗೆ ಕದ್ದು ಬೇರೆಯದನ್ನು ಸಿಕ್ಕಿಸಿದ್ದಾನೆ ಎಂದು ಅವರು ಊರಿಗೆಲ್ಲ ಹೇಳಿದ್ದರು.

"ಇಟ್ಟುಕೊಳ್ಳುವಾಗ ನಂಬರು ನೋಡ್ಲಿಲ್ವಾ ನೀನು?" ಎಂದು ಬಾಯಿ ಕೇಳಿದರು.

"ಟ್ರಿಗರಿನ ಹತ್ರದ್ದು ನೋಡಿದ್ದೇನೆ. ಸರಿ ಇತ್ತು. ನಳಿಗೆ ನಾನು ಬಿಚ್ಚಲೇ ಇಲ್ಲ."

ಸಂಜೆ ಅಂಗಡಿಗೆ ಹೋದೆವು. ನಾಚಿಕೆಯಿಂದ ಲೆಸ್ಟರ್ ಶಟರನ್ನು ಅರ್ಧಕ್ಕೆ ಇಳಿಸಿದ್ದ. ಬಗ್ಗಿಯೇ ಒಳಗೆ ನುಗ್ಗಬೇಕು. ಬಾಯಿ ಹೇಳಿಕಳಿಸಿದ್ದರಿಂದ ಶೆಟ್ಟರು ಕೋವಿ ತಂದಿದ್ದರು.

"ಕೋವಿಗೆ ಎಂತ ಜ್ವರವಾ, ನರ್ಸಮ್ಮ ಬಂದದ್ದು?"

"ಜ್ವರ ನಿಮಗೇ ಜಾಸ್ತಿ ಕಾಣ್ತದೆ ಶೆಟ್ರೆ. ಕೊಡಿ ಇಲ್ಲಿ."

ಬಾಯಿ ಕೋವಿಯನ್ನು ಮಡಚಿ ತೆರೆದರು, ಮುಚ್ಚಿದರು. ಮುಚ್ಚಲು ಒತ್ತಬೇಕಾಯಿತು. ಕನ್ನಡಕ ಏರಿಸಿ ಒಂದಾಗಿ ಬೆಸೆದ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ನನಗೆ ತೋರಿಸಿದರು. ಅಲ್ಲಿ ಚಿನ್ನದಲ್ಲಿ ಕೆತ್ತಿದ '2'. ಕೋವಿ ತೆರೆಯುವ ಸನ್ನೆಕೋಲಿನ ಮೇಲೆ ಚಿನ್ನದ '1'. ಲೆಸ್ಟರನಿಂದ ನಳಿಗೆ ಬಿಚ್ಚಿಸಿ, ಅದರಡಿಯ ಮರವನ್ನು ಮೂಸಿದರು. ಸಂದಿಯಲ್ಲಿ ಕೆಂಪಗೆ ಏನೋ ಗಟ್ಟಿಯಾಗಿ ಅಂಟಿತ್ತು.

"ಲೆಸ್ಟರ್, ನೀನು ಯಾವ ಎಣ್ಣೆ ಹಾಕುವುದು?"

"ಮೆಷಿನ್ ಎಣ್ಣೆ, ಬಾಯಿ."

"ಶೆಟ್ರೆ, ಇದರ ಜೊತೆಯದ್ದು ಎಲ್ಲುಂಟು?"

ಶೆಟ್ಟರು ಹುಬ್ಬು ಗಂಟಿಕ್ಕಿದರು. "ಪಾಲಾದಾಗ ಚಿಕ್ಕಪ್ಪನಿಗೆ ಹೋಯ್ತು. ಈಗ ಅವರ ಮಗ ಪೃಥ್ವಿರಾಜನಲ್ಲಿ, ದೇರೆಬೈಲಿನಲ್ಲಿ. ಅವ ಕೋವಿ ಇಡುವುದು ಠಾಣೆಯಲ್ಲಿ. ಈ ಅಂಗಡಿಯ ಮೆಟ್ಟಿಲು ಹತ್ತಿದವನೇ ಅಲ್ಲ."

"ಬೆಳಿಗ್ಗೆ ಕೋವಿ ಹಿಡ್ಕೊಂಡು ಬರ್ಲಿಕ್ಕೆ ಹೇಳಿ. ಸ್ಟೇಷನ್ನಿಗೆ ಆಮೇಲೆ ಹೋಗಬಹುದು."

ಮುಂಜಾನೆ ನಾನು ಕದ್ರಿಯ ದೇವಸ್ಥಾನದಲ್ಲಿ ಲೆಸ್ಟರನ ಹೆಸರಿನಲ್ಲಿ ಎಣ್ಣೆದೀಪ ಹಚ್ಚಿ ಬಂದೆ. ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಬಾಯಿ ಎರಡು ಕೋವಿಗಳನ್ನು ಅಕ್ಕಪಕ್ಕ ಮಲಗಿಸಿದರು. ಪೃಥ್ವಿರಾಜನ ಕೋವಿಯ ನಳಿಗೆಯ ಮೇಲೆ '1', ಸನ್ನೆಕೋಲಿನ ಮೇಲೆ '2'.

"ಅಂಕಿ ಕೆತ್ತಿದ್ದಾರೆಂದರೆ ಇವು ಜೋಡಿಯಾಗಿ ಮಾಡಿದ ಕೋವಿಗಳು," ಎಂದರು ಬಾಯಿ. "ಅವಳಿ ಮಕ್ಕಳ ಹಾಗೆ. ಒಂದರ ನಳಿಗೆ ಇನ್ನೊಂದಕ್ಕೆ ಕೂರ್ತದೆ, ಆದರೆ ಒಂದೊಂದನ್ನೂ ಕೈಯಿಂದ ಉಜ್ಜಿ ಕೂರಿಸಿದ್ದಲ್ವಾ, ಸ್ವಲ್ಪ ಬಿಗಿ. ಶೆಟ್ರ ನಳಿಗೆ ಹೋದದ್ದು ಪೃಥ್ವಿರಾಜರ ಕೋವಿಗೆ. ಆ ಕೋವಿ ಇವತ್ತಿನವರೆಗೆ ಇಲ್ಲಿಗೆ ಬಂದೇ ಇಲ್ಲ. ಹಾಗಾದ್ರೆ ಲೆಸ್ಟರ್ ಬದಲಾಯಿಸುವುದು ಹೇಗೆ? ಎರಡೂ ಒಟ್ಟಿಗೆ ಇದ್ದದ್ದು ಎಲ್ಲಿ?"

ಬಾಯಿ ಶೆಟ್ಟರ ಕೋವಿಯ ಮರದ ಸಂದಿಗೆ ಬೆರಳಿಟ್ಟರು.

"ಮರದಲ್ಲಿ ತೆಂಗಿನೆಣ್ಣೆಯ ವಾಸನೆ ಬರ್ತಿತ್ತು. ಸಂದಿಯಲ್ಲಿ ಕುಂಕುಮ. ಅಂಗಡಿಯಲ್ಲಿ ಕೋವಿಗೆ ಕುಂಕುಮ ಯಾರು ಹಚ್ತಾರೆ?"

ಪೃಥ್ವಿರಾಜ ನಗು ತಡೆಯಲಾರದೆ ಹೇಳಿದ: "ಹೋದ ವರ್ಷದ ಆಯುಧ ಪೂಜೆ, ಚುನಾವಣೆಗೆ ಮೊದಲು. ಕುಟುಂಬದ ಚಾವಡಿಯಲ್ಲಿ. ಎರಡನ್ನೂ ಬಿಚ್ಚಿ ಒರೆಸಿ, ಕುಂಕುಮ ಇಟ್ಟು ಜೋಡಿಸಿದ್ದು ಸರ್ವೋತ್ತಮಣ್ಣನೇ. ನಮ್ಮನ್ನು ಮುಟ್ಟಲಿಕ್ಕೂ ಬಿಡ್ಲಿಲ್ಲ."

"ಥಿಯೇಟರಿನಲ್ಲೂ ಹಾಗೆಯೇ," ಎಂದರು ಬಾಯಿ ಮೃದುವಾಗಿ. "ಎರಡು ಟ್ರೇಯ ಕತ್ತರಿಗಳನ್ನು ಒಟ್ಟಿಗೆ ತೊಳೆದ್ರೆ ಮರಳಿ ಇಡುವಾಗ ಅದಲುಬದಲು. ಕಳ್ಳರು ಬೇಕಾಗಿಲ್ಲ. ಇಬ್ಬರೂ ಠಾಣೆಗೆ ಹೋಗಿ, ನಡೆದದ್ದನ್ನು ಹಾಗೆಯೇ ಹೇಳಿ."

ಲೆಸ್ಟರ್ ನಳಿಗೆಗಳನ್ನು ಅದಲಿಸಿದ. ಶೆಟ್ಟರ ಕೋವಿ ಬೆಣ್ಣೆಯಷ್ಟು ಮೆತ್ತಗೆ ಮುಚ್ಚಿಕೊಂಡಿತು. ಶೆಟ್ಟರು ಅದನ್ನು ಒಮ್ಮೆ ತಾವೇ ತೆರೆದು ಮುಚ್ಚಿ ಲೆಸ್ಟರನ ಕಡೆ ತಿರುಗಿದರು.

"ಲೆಸ್ಟರ್, ಊರಿಗೆಲ್ಲ ಹೇಳಿದವ ನಾನು. ತಪ್ಪಾಯ್ತೂಂತ ಮನೆಮನೆಗೆ ಹೇಳುವವನೂ ನಾನೇ. ಈ ಸಲ ಪೂಜೆಗೆ ಬಾ ಮಾರಾಯ. ಬಿಚ್ಚುವುದೂ ಜೋಡಿಸುವುದೂ ನೀನೇ."

"ಬರ್ತೇನೆ. ಪಾಯಸ ಉಂಟಲ್ಲ?"

ಅವನು ಬಾಗಿಲಿಗೆ ಹೋಗಿ ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಬಿಸಿಲು ಒಳಗೆ ಬಂತು. ನಾವೆಲ್ಲ ಬಗ್ಗದೆ ಹೊರಗೆ ನಡೆದೆವು.