ಇಳಿಜಾರಿನ ಶಬ್ದ

"ಕೈ ಒಳಗೆ ಹಾಕು ಮಗಾ," ಎಂದ ಅಪ್ಪ.

ದಮಯಂತಿ ಹೊರಗೆ ಚಾಚಿದ್ದ ಕೈಯನ್ನು ಎಳೆದುಕೊಂಡು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು. ಪಿಕಪ್ಪಿನ ಮೂತಿ ಕೆಳಗೆ ಬಾಗಿತು. ಕೆಂಪು ಮುರಕಲ್ಲಿನ ಇಳಿಜಾರು ಶುರುವಾಯಿತು. ಒಂದು ಬದಿಯಲ್ಲಿ ಗೋಡೆಯಂಥ ಮಣ್ಣಿನ ಬರೆ, ಇನ್ನೊಂದು ಬದಿಯಲ್ಲಿ ಆಳದ ಕಣಿವೆ. ಎಲ್ಲಕ್ಕಿಂತ ಕೆಳಗೆ ಹೊಳೆ.

ಈಗ ಬರುತ್ತದೆ ಎಂದುಕೊಂಡಳು ಅವಳು.

ಬಂತು. ಮೊದಲು ಸಣ್ಣಗೆ ಊಂ... ಎಂದು. ಆಮೇಲೆ ಗರ ಗರ ಎಂದು, ಬೀಸುವ ಕಲ್ಲಿನೊಳಗೆ ಮರಳು ಬಿದ್ದ ಹಾಗೆ. ಮುಂದಿನ ಎರಡು ಗಾಲಿಗಳ ನಡುವಿನಿಂದ ಹುಟ್ಟಿದ ಆ ಶಬ್ದ ಅವಳ ಬರಿಗಾಲಿಗೆ ತಾಗಿ ಮೊಣಕಾಲಿನವರೆಗೆ ಹತ್ತಿತು.

"ಅಪ್ಪ, ಶಬ್ದ."

"ಎಂತ ಶಬ್ದ?"

"ಅದೇ, ಕೆಳಗೆ. ಇಳಿಯುವಾಗ ಮಾತ್ರ ಜೋರು ಬರ್ತದೆ."

"ಗಾಡಿ ಅಂದ ಮೇಲೆ ಶಬ್ದ ಮಾಡದೆ ಇರ್ತದಾ? ನನಗೆಂತ ಕೇಳುದಿಲ್ಲಪ್ಪ," ಎಂದು ಅಪ್ಪ ರಸ್ತೆಯನ್ನೇ ನೋಡುತ್ತ ಕುಳಿತ.

ಮಳೆಗಾಲ ಮುಗಿಯುವವರೆಗೆ ಈ ಪಿಕಪ್ಪಿಗೆ ಇಂಥ ಶಬ್ದ ಇರಲಿಲ್ಲ. ಅದು ಮಿಲಿಟರಿಯವರು ಬಳಸಿ ಬಿಟ್ಟ ಹಳೆಯ ಗಾಡಿ. ಜೀಪಿನ ಹಾಗೆ ಮುಂದಿನ ಗಾಲಿಗಳೂ ಎಳೆಯುತ್ತಿದ್ದವು. ಅಪ್ಪ ಊರಿನವರ ಬಾಳೆಗೊನೆ, ತೆಂಗಿನಕಾಯಿಗಳನ್ನು ಅದರಲ್ಲಿ ಹೇರಿಕೊಂಡು ಪುತ್ತೂರಿಗೆ ಹೋಗುತ್ತಿದ್ದ. ಆದರೆ ಹೊಳೆಗೆ ಸೇತುವೆ ಇರಲಿಲ್ಲ. ನೀರಿಗೆ ಇಳಿದರೆ ಇಂಜಿನು ಒದ್ದೆಯಾಗಿ ನಡುನೀರಿನಲ್ಲೇ ನಿಂತುಬಿಡುತ್ತಿತ್ತು.

ಅದಕ್ಕೇ ಅಪ್ಪ ಮತ್ತು ಅವ್ವನ ತಮ್ಮ ತೀರ್ಥರಾಮ ಮಾವ ಸೇರಿ ಗಾಡಿಯನ್ನು ಎತ್ತರ ಮಾಡಿದರು. ಆಚಾರಿ ಕಾಯಿಸಿ ಬಡಿದುಕೊಟ್ಟ ಉದ್ದದ ಕಬ್ಬಿಣದ ತುಂಡುಗಳನ್ನು ಗಾಡಿಯ ಭಾರ ಹೊರುವ ಕಮಾನುಗಳ ತುದಿಗೆ ಸಿಕ್ಕಿಸಿದರು. ಗಾಡಿ ಎದ್ದು ನಿಂತಿತು. ಮರುದಿನ ಅದು ಹೊಳೆಯನ್ನು ನಿಲ್ಲದೆ ದಾಟಿದಾಗ ಆಚೆ ದಡದಲ್ಲಿದ್ದವರು ಕೈತಟ್ಟಿದರು. "ಆನೆ ಮಾರಾಯ, ಆನೆ!" ಎಂದು ಯಾರೋ ಕೂಗಿದರು. ಅಪ್ಪ ಅಷ್ಟು ನಕ್ಕದ್ದನ್ನು ದಮಯಂತಿ ಅದುವರೆಗೆ ನೋಡಿರಲಿಲ್ಲ.

ಶಬ್ದ ಶುರುವಾದದ್ದು ಆಮೇಲೆ.

ಆ ದಿನ ಸೋಮವಾರ, ಶಾಲೆಗೆ ರಜೆ. ಶನಿವಾರ ಪುತ್ತೂರಿನ ಶಾಲೆಯೊಂದರಲ್ಲಿ ಅವಳ ತರಗತಿಯ ಮಕ್ಕಳ ಕೋಲಾಟವಿತ್ತು. ಅದಕ್ಕೆ ಬೇಕಾದ ಕೆಂಪು ರಿಬ್ಬನ್ನು ತೆಗೆದುಕೊಳ್ಳಲು ಅವಳು ಅಪ್ಪನ ಜೊತೆ ಹೊರಟಿದ್ದಳು. ಸಂತೆಯಲ್ಲಿ ಬಾಳೆಗೊನೆ ಇಳಿಸಿದ ಮೇಲೆ ಅಪ್ಪ ಗಾಡಿಯನ್ನು ಮೆಕ್ಯಾನಿಕ್ ಆದಂ ಕುಂಞಿಯವರ ಶೆಡ್ಡಿನ ಮುಂದೆ ನಿಲ್ಲಿಸಿದ. ಶಬ್ದವೇ ಕೇಳುವುದಿಲ್ಲ ಎಂದವನು ಇಲ್ಲಿಗೆ ಯಾಕೆ ಬಂದ ಎಂದು ಅವಳಿಗೆ ಅರ್ಥವಾಗಲಿಲ್ಲ.

ಆದಂ ಕುಂಞಿಯವರು ಮುಂದಿನ ಗಾಲಿಗಳನ್ನು ಜಾಕಿನಲ್ಲಿ ಎತ್ತಿಸಿ ಅಡಿಗೆ ನುಸುಳಿದರು. ಎರಡು ಗಾಲಿಗಳ ನಡುವೆ ಕುಂಬಳಕಾಯಿಯಷ್ಟು ದೊಡ್ಡ ಕಬ್ಬಿಣದ ಉಂಡೆಯೊಂದಿತ್ತು. ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಅದಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, "ಗಾಲಿ ತಿರುಗಿಸಿ" ಎಂದರು. ಹೊರಗೆ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಎತ್ತರ ಮಾಡಿದ್ದು ಯಾರು ಕೇಶವಣ್ಣ?"

"ನಾನೇ. ಎಂತ, ಚಂದ ಆಗ್ಲಿಲ್ವಾ?"

"ಚಂದ ಆಗಿದೆ. ಆದ್ರೆ ಈ ಉಂಡೆ, ಡಿಫರೆನ್ಶಿಯಲ್, ಓರೆ ಆಗಿದೆ." ಅವರು ಬೆಂಚಿನ ಮೇಲಿದ್ದ ಚಾಯದ ಗ್ಲಾಸನ್ನು ಎತ್ತಿ ವಾಲಿಸಿ ತೋರಿಸಿದರು. "ನೋಡಿ, ಚಾಯ ಎಲ್ಲ ಈ ಬದಿಗೆ ಹೋಯ್ತು. ಆ ಬದಿ ಒಣಗಿತು. ಉಂಡೆಯ ಒಳಗಿನ ಎಣ್ಣೆಯದ್ದೂ ಇದೇ ಕತೆ. ಬೇರಿಂಗಿಗೆ ಎಣ್ಣೆ ತಾಗುದಿಲ್ಲ. ಇಳಿಜಾರಲ್ಲಂತೂ ಹನಿಯೂ ಇಲ್ಲ. ಅದು ಒಣಗಿ ಒಣಗಿ ಸವೆದಿದೆ."

"ಇನ್ನೂ ಸ್ವಲ್ಪ ಎಣ್ಣೆ ಹಾಕಿದ್ರೆ?"

"ಸವೆದದ್ದು ಬೆಳೀತದಾ? ಬೇರಿಂಗ್ ಬದಲಿಸ್ಬೇಕು. ಕಮಾನಿನ ಅಡಿಗೆ ಓರೆ ತುಂಡು ಕೊಟ್ಟು ಇದನ್ನು ಸರಿ ಕೂರಿಸ್ಬೇಕು. ಬೇರಿಂಗ್ ಮಂಗಳೂರಿಂದ ಬರ್ಬೇಕು. ಗಾಡಿ ಇಲ್ಲೇ ಬಿಟ್ಟು ಹೋಗಿ."

"ಈ ವಾರ ಆಗುದಿಲ್ಲ. ಶನಿವಾರ ಶಾಲೆ ಮಕ್ಕಳನ್ನು ಕರ್ಕೊಂಡು ಬರ್ಲಿಕ್ಕುಂಟು. ಟೀಚರಿಗೆ ಮಾತು ಕೊಟ್ಟಾಗಿದೆ."

"ಮಕ್ಕಳನ್ನಾ?" ಆದಂ ಕುಂಞಿಯವರ ಸ್ವರ ತಗ್ಗಿತು. "ಬೇರಿಂಗ್ ಹುಡಿಯಾಗಿ ಗೇರಿನ ಹಲ್ಲಿನ ನಡುವೆ ಸಿಕ್ಕಿದ್ರೆ ಮುಂದಿನ ಗಾಲಿ ತಿರುಗುದಿಲ್ಲ. ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ಗಾಡಿ ಕೇಳುದಿಲ್ಲ. ಸಮ ರಸ್ತೆಯಲ್ಲಾದ್ರೆ ಬದುಕಿದಿರಿ. ಇಳಿಜಾರಲ್ಲಾದ್ರೆ..."

ದಮಯಂತಿ ಅಲ್ಲೇ ನಿಂತಿರುವುದು ಅವರಿಗೆ ಆಗ ಕಂಡಿತು. "ಚಾಯ ಕುಡೀತಿಯಾ ಮೋಳೇ?" ಎಂದು ಮಾತು ಬದಲಿಸಿದರು.

ಮನೆ ಹತ್ತಿರವಾದಾಗ ಅಪ್ಪ ಹೇಳಿದ: "ಅವ್ವನತ್ರ ಹೇಳ್ಲಿಕ್ಕಿಲ್ಲ ಆಯ್ತಾ? ಸುಮ್ಮನೆ ಹೆದರ್ತಾಳೆ."

ಅವಳು ತಲೆಯಾಡಿಸಿದಳು. ನಾನೂ ಹೆದರಿದ್ದೇನೆ ಎಂದು ಹೇಳಲಿಲ್ಲ.

ಮರುದಿನ ತೀರ್ಥರಾಮ ಮಾವ ಬಂದ. ಅವನಿಗೆ ಕಡಬದ ಹತ್ತಿರ ಮರದ ಮಿಲ್ಲಿನಲ್ಲಿ ಕೆಲಸ. ಕಂಕುಳಲ್ಲಿ ಒಂದು ಬಟ್ಟೆಚೀಲವಿತ್ತು.

"ಆದಂ ಕುಂಞಿ ಹೆದರಿಸುದು ಭಾವ. ನಮ್ಮ ಮಿಲ್ಲಿಗೆ ಬರುವ ಲಾರಿಯವರು ಎಂತ ಮಾಡ್ತಾರೆ ಗೊತ್ತುಂಟಾ? ಇದೇ ಮದ್ದು," ಎಂದು ಚೀಲದ ಬಾಯಿ ಬಿಚ್ಚಿದ.

ಒಳಗೆ ಮರದ ಹುಡಿ. ಹಿಟ್ಟಿನಷ್ಟು ನುಣುಪು.

ಮಾವ ಅದನ್ನು ದಪ್ಪ ಎಣ್ಣೆಯಲ್ಲಿ ಕಲಸಿದ. ಅಪ್ಪ ಉಂಡೆಯ ಬಿರಡೆ ಬಿಚ್ಚಿದ. ಇಬ್ಬರೂ ಸೇರಿ ಅದನ್ನು ಒಳಗೆ ತುರುಕಿದರು. ಆಮೇಲೆ ದಮಯಂತಿಯನ್ನೂ ಕೂರಿಸಿಕೊಂಡು ಇಳಿಜಾರಿಗೆ ಹೋದರು.

ಅವಳು ಕಾಲುಗಳನ್ನು ತಗಡಿಗೆ ಒತ್ತಿ ಕಾದಳು. ಪಿಕಪ್ಪಿನ ಮೂತಿ ಬಾಗಿತು. ಊಂ ಇಲ್ಲ. ಗರ ಗರ ಇಲ್ಲ. ಕಲ್ಲುಗಳ ಮೇಲೆ ಟಯರು ಉರುಳುವ ಸದ್ದು ಮಾತ್ರ.

"ಹೇಗೆ?" ಮಾವ ಬಾಗಿಲಿನ ಮೇಲೆ ಬಡಿದ. "ಶಬ್ದ ಎಲ್ಲಿ ಹೋಯ್ತು? ಹುಡುಕಿ ಕೊಡು ನೋಡುವ!"

ಅಪ್ಪ ನಕ್ಕ. ದಮಯಂತಿಗೆ ನಗು ಬರಲಿಲ್ಲ. ಹೋದ ವರ್ಷ ಅವಳ ಮೊಣಕಾಲಿನ ಗಾಯ ಮೇಲಿನಿಂದ ಚೆನ್ನಾಗಿ ಒಣಗಿತ್ತು. ಎಲ್ಲರೂ ವಾಸಿಯಾಯಿತು ಎಂದಿದ್ದರು. ಒಳಗೆ ಕೀವು ತುಂಬಿತ್ತು.

"ಅಪ್ಪ, ಬೇರಿಂಗ್ ಹಾಕಿದ್ದಾ?"

"ಈಗ ಶಬ್ದ ಉಂಟಾ?"

"ಇಲ್ಲ."

"ಮತ್ತೆಂತ?"

ಶಬ್ದ ಇದ್ದಾಗ ಹೆದರಿಕೆ ಎಲ್ಲಿದೆ ಎಂದಾದರೂ ಗೊತ್ತಿತ್ತು. ಇಳಿಜಾರಿನಲ್ಲಿ ಬರುತ್ತಿತ್ತು, ಹೊಳೆಯ ಹತ್ತಿರ ಹೋಗುತ್ತಿತ್ತು. ಈಗ ಅದು ಎಲ್ಲ ಕಡೆಯೂ ಇತ್ತು. ಶಾಲೆಯಲ್ಲಿ ಕೋಲಾಟ ಕಲಿಯುವಾಗ ಅವಳ ಕೋಲು ತಪ್ಪಿ ಜೊತೆಗಾರ ಬೋಜನ ಬೆರಳಿಗೆ ಬಿತ್ತು.

"ಅಯ್ಯಮ್ಮಾ! ಟೀಚರ್, ಇವಳು ಕೋಲಾಟ ಆಡುದಲ್ಲ, ಹಾವು ಕೊಲ್ಲುದು!" ಎಂದು ಬೋಜ ಕುಣಿದಾಡಿದ.

ಶನಿವಾರ ಬೆಳಿಗ್ಗೆ ಪಿಕಪ್ ಶಾಲೆಯ ಅಂಗಳಕ್ಕೆ ಬಂತು. ಮಕ್ಕಳು ಒಬ್ಬರನ್ನೊಬ್ಬರು ದೂಡಿಕೊಂಡು ಹತ್ತಿದರು. ಸತ್ಯವತಿ ಟೀಚರು ಮುಂದೆ ಅಪ್ಪನ ಪಕ್ಕದಲ್ಲಿ ಕುಳಿತರು. ದಮಯಂತಿ ಹಿಂದೆ, ಎಲ್ಲರ ನಡುವೆ ನಿಂತಳು. ಬೋಜ ಅತ್ತಿತ್ತ ವಾಲುತ್ತ ಆನೆಯ ಹಾಗೆ ಘೀಳಿಟ್ಟ. ಕೋಲಾಟ ನೋಡಲು ಹೊರಟ, ಒಂದನೇ ತರಗತಿಯ ಅವನ ಪುಟ್ಟ ತಂಗಿ ದಮಯಂತಿಯ ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ರಸ್ತೆ ಸಮವಾಗಿತ್ತು. ಮಕ್ಕಳು ಹಾಡುತ್ತಿದ್ದರು. ಮುಂದೆ ಇಳಿಜಾರಿನ ತಲೆ ಕಂಡಿತು. ಅಲ್ಲಿಂದಾಚೆ ರಸ್ತೆಯೇ ಇಲ್ಲದ ಹಾಗೆ ಬರೀ ಆಕಾಶ.

ದಮಯಂತಿ ತನ್ನ ಲಂಗ ಹಿಡಿದ ಆ ಪುಟ್ಟ ಮುಷ್ಟಿಯನ್ನು ನೋಡಿದಳು. ಮರುಕ್ಷಣ ಮುಂದಕ್ಕೆ ನುಗ್ಗಿ ಎರಡೂ ಕೈಗಳಿಂದ ಅಪ್ಪನ ತಲೆಯ ಮೇಲಿನ ತಗಡಿನ ಮಾಡಿಗೆ ಬಡಿಯತೊಡಗಿದಳು.

"ಅಪ್ಪಾ, ನಿಲ್ಸು! ನಿಲ್ಸು!"

ಗಾಡಿ ನಿಂತಿತು. ಟೀಚರು ಹೊರಗೆ ತಲೆ ಹಾಕಿದರು. "ಎಂತಾಯ್ತು?"

"ಹೊಟ್ಟೆ ತೊಳಸ್ತದೆ ಟೀಚರ್."

"ಇಳಿಜಾರು ಇನ್ನೂ ಬಂದೇ ಇಲ್ಲ, ಇವಳ ಹೊಟ್ಟೆ ಆಗ್ಲೇ ಇಳಿದಾಯ್ತು!" ಎಂದ ಬೋಜ. ಎಲ್ಲರೂ ಗೊಳ್ಳೆಂದು ನಕ್ಕರು.

"ಬಾ, ಮುಂದೆ ನನ್ನ ಹತ್ರ ಕೂತ್ಕೋ."

"ನಾನೊಬ್ಬಳೇ ಅಲ್ಲ ಟೀಚರ್. ಎಲ್ಲರೂ ಇಳೀಬೇಕು."

"ಯಾಕೆ?"

ಅಪ್ಪ ಕೆಳಗಿಳಿದು ಬಂದು ನಿಂತಿದ್ದ. ಅವನ ಮುಖ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಷ್ಟು ಜನರ ಮುಂದೆ ಮರದ ಹುಡಿಯ ವಿಷಯ ಹೇಳಲು ಅವಳ ನಾಲಿಗೆ ಏಳಲಿಲ್ಲ. ಹೇಳದೆ ಇರಲೂ ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ಅಪ್ಪ, ನೀನೇ ಹೇಳು."

ಅಪ್ಪ ಮಕ್ಕಳ ಮುಖಗಳನ್ನು ನೋಡಿದ. ಇಳಿಜಾರನ್ನು ನೋಡಿದ. ಆಮೇಲೆ ಹಿಂದಿನ ಬಾಗಿಲಿನ ಕೊಂಡಿ ತೆಗೆದ.

"ಟೀಚರೇ, ಮಕ್ಕಳನ್ನು ಇಳಿಸಿ. ಮುಂದಿನ ಗಾಲಿ ಅಷ್ಟು ಸರಿ ಇಲ್ಲ. ನೀವೆಲ್ಲ ನಡ್ಕೊಂಡು ಬನ್ನಿ. ನಾನು ಖಾಲಿ ಗಾಡಿ ಇಳಿಸ್ತೇನೆ."

ಒಬ್ಬೊಬ್ಬರನ್ನೇ ಎತ್ತಿ ಇಳಿಸಿದ. ದಮಯಂತಿಯ ಎದೆ ಹಗುರವಾಯಿತು. ಆದರೆ ಅದು ಒಂದು ಗಳಿಗೆ ಮಾತ್ರ. ಅಪ್ಪ ಮತ್ತೆ ಒಳಗೆ ಹತ್ತಿ ಕುಳಿತ. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಅಪ್ಪಾ, ನೀನೂ ಬೇಡ!"

ಇಂಜಿನಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಪಿಕಪ್ ಮೆಲ್ಲಗೆ, ನಡೆಯುವ ಮನುಷ್ಯನಷ್ಟೇ ಮೆಲ್ಲಗೆ ಕೆಳಗೆ ಹೊರಟಿತು. ಅವಳು ಅದರ ಹಿಂದೆ ಓಡಿದಳು. ಟೀಚರು ಕೂಗುತ್ತಿದ್ದರು.

ಅರ್ಧ ದಾರಿಯಲ್ಲಿ, ತಿರುವಿನ ಹತ್ತಿರ, ಕಟಕ್ ಎಂದು ಏನೋ ಮುರಿಯಿತು.

ಮುಂದಿನ ಗಾಲಿಗಳು ನಿಂತುಬಿಟ್ಟವು. ಗಾಡಿ ಮಾತ್ರ ನಿಲ್ಲಲಿಲ್ಲ. ಮುರಕಲ್ಲಿನ ಹುಡಿಯ ಮೇಲೆ ಕರ್ರೆಂದು ಜಾರುತ್ತ, ತಿರುವಿನಲ್ಲಿ ತಿರುಗದೆ, ನೇರ ಕಣಿವೆಯ ಕಡೆಗೆ ಹೋಯಿತು. ಒಳಗೆ ಅಪ್ಪನ ಎರಡು ಕೈಗಳೂ ಸ್ಟೇರಿಂಗನ್ನು ತಿರುಗಿಸುತ್ತಿರುವುದು ಕಾಣುತ್ತಿತ್ತು. ಗಾಡಿ ಕೇಳುತ್ತಿರಲಿಲ್ಲ. ಅಂಚಿನಲ್ಲಿ ಕಡಿದ ಮಾವಿನ ಮರದ ಬುಡವೊಂದಿತ್ತು. ಅದಕ್ಕೆ ಢಬ್ ಎಂದು ಬಡಿದು ನಿಂತಿತು.

ಕೆಂಪು ಧೂಳು ಎದ್ದಿತು. ಧೂಳಿನೊಳಗೆ ಅವಳು ಅಪ್ಪನ ಬಾಗಿಲನ್ನು ಹುಡುಕಿದಳು. ಅಪ್ಪ ಕುಳಿತೇ ಇದ್ದ. ಹಣೆಯಲ್ಲಿ ಸಣ್ಣದೊಂದು ಗೀರು, ಅಷ್ಟೇ. ಆದರೆ ಕೈಗಳು ಸ್ಟೇರಿಂಗನ್ನು ಬಿಟ್ಟಿರಲಿಲ್ಲ.

"ಬಿಡು ಅಪ್ಪ," ಎಂದು ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅಪ್ಪ ಅವಳನ್ನು ನೋಡಿದ. "ಕೇಳ್ತಿತ್ತು ಮಗಾ," ಎಂದ. "ಮೊದಲ ದಿನದಿಂದಲೇ ನನಗೆ ಕೇಳ್ತಿತ್ತು."

ಟೀಚರು ಉಳಿದ ಮಕ್ಕಳನ್ನು ಹೊಳೆ ದಾಟಿಸಿ ಬಸ್ಸಿಗೆ ಕರೆದೊಯ್ದರು. ಬೋಜ ಹೋಗುವಾಗ ತಿರುಗಿ ತಿರುಗಿ ಮರದ ಬುಡವನ್ನೇ ನೋಡುತ್ತಿದ್ದ. ಆ ದಿನ ಕೋಲಾಟದಲ್ಲಿ ಅವನಿಗೆ ಟೀಚರೇ ಜೊತೆಯಾದರಂತೆ.

ಕೆಲವು ದಿನಗಳ ಮೇಲೆ ಆದಂ ಕುಂಞಿಯವರು ಬೇರಿಂಗುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಗಾಡಿ ನಿಂತಲ್ಲೇ ಉಂಡೆಯನ್ನು ಬಿಚ್ಚಿದರು. ಎಣ್ಣೆಯಲ್ಲಿ ನೆನೆದ ಮರದ ಹುಡಿ ಮುದ್ದೆ ಮುದ್ದೆಯಾಗಿ ಬಿತ್ತು. ಅದರ ತುಂಬ ಮಿಣಮಿಣ ಹೊಳೆಯುವ ಕಬ್ಬಿಣದ ಚೂರುಗಳು.

"ಇದೆಂತ ಕೇಶವಣ್ಣ, ಅಕ್ಕಿಹುಡಿಯ ಪುಟ್ಟು ಬೇಯಿಸಿದ್ದಾ?"

ತೀರ್ಥರಾಮ ಮಾವ ನೆಲ ನೋಡಿದ.

"ಹಾಕಿದ್ದು ನಾನೇ," ಎಂದ ಅಪ್ಪ. "ಶಬ್ದ ಕೇಳದಿದ್ರೆ ಸಾಕು ಅಂತ ಆಗಿತ್ತು ನನಗೆ."

ಆದಂ ಕುಂಞಿಯವರು ಮತ್ತೆ ತಮಾಷೆ ಮಾಡಲಿಲ್ಲ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದರು. ಹೊಸ ಬೇರಿಂಗುಗಳನ್ನು ಕೂರಿಸಿದರು. ಕಮಾನುಗಳ ಅಡಿಗೆ ಓರೆ ತುಂಡುಗಳನ್ನು ಕೊಟ್ಟರು. ಗಾಡಿಯ ಎತ್ತರ ಹಾಗೇ ಉಳಿಯಿತು. ವಾಲಿದ್ದ ಉಂಡೆ ಮಾತ್ರ ನೆಟ್ಟಗಾಯಿತು.

ಮುಂದಿನ ಸಂತೆಯ ದಿನ ದಮಯಂತಿ ಗೇಟಿನ ಹತ್ತಿರ ನಿಂತಿದ್ದಳು. ಅಪ್ಪ ಬಾ ಎನ್ನಲಿಲ್ಲ. ಬಾಗಿಲು ತೆರೆದು ಸುಮ್ಮನೆ ಕಾದ. ಅವಳು ತಾನಾಗಿಯೇ ಹತ್ತಿದಳು.

ಇಳಿಜಾರಿನ ತಲೆಗೆ ಬಂದಾಗ ಅಪ್ಪ ಗಾಡಿ ನಿಲ್ಲಿಸಿದ. ಕೆಳಗೆ ಹೊಳೆ ಬಿಸಿಲಿಗೆ ಹೊಳೆಯುತ್ತಿತ್ತು.

"ಎಂತ ಹೇಳ್ತಿ?" ಎಂದ ಅಪ್ಪ. "ಹೋಗುವನಾ?"

ಅವಳನ್ನು ನಗಿಸಲು ಕೇಳಿದ ಮಾತಲ್ಲ ಅದು. ಅವನ ಹಣೆಯಲ್ಲಿ ಬೆವರು ಮೂಡಿತ್ತು. ದಮಯಂತಿ ಅಪ್ಪನ ಮುಖವನ್ನು ಮೊದಲ ಬಾರಿಗೆ ನೋಡುವವಳ ಹಾಗೆ ನೋಡಿದಳು.

"ಸ್ವಲ್ಪ ನಿಲ್ಲುವ," ಎಂದಳು.

"ಆಯ್ತು."

ಇಬ್ಬರೂ ಹಾಗೇ ಕುಳಿತರು. ಯಾರಿಗೂ ಅವಸರವಿರಲಿಲ್ಲ. ಅಪ್ಪನ ಉಸಿರು ನಿಧಾನವಾಗುವವರೆಗೆ ಕಾದು ಅವಳು ಹೇಳಿದಳು:

"ಈಗ ಹೋಗುವ ಅಪ್ಪ."