ಅಜ್ಜನಿಗೆ ಹೇಳಿದ ಸುಳ್ಳು

ಕತ್ತಲಾಗುವುದರೊಳಗೆ ಇರಬೇರೆ ಹೊಳೆ ದಾಟಲೇಬೇಕಿತ್ತು. ಆಚೆ ದಡದ ಊರಲ್ಲಿ ಅದೆಲಿನಾಳ ಕುಲದ ದೈವಮನೆಗೆ ಹೊಸ ಹುಲ್ಲು ಹೊದಿಸಿ, ಬಂಧುಗಳು ಅವಳಿಗಾಗಿ ಕಾದಿದ್ದರು. ಹಿರಿಮಗಳು ನೇಯ್ದ ಬಟ್ಟೆ ಮಾಡಿಗೇರದೆ ಹುಲ್ಲಿನ ಕೊನೆಯ ಗಂಟು ಬಿಗಿಯುವಂತಿಲ್ಲ. ಆ ಬಟ್ಟೆ ಹಿಡಿದು ಅವಳು ವಿಕೇಕೆ ಪೇಟೆಯಲ್ಲಿ ಜೆಫೆಯ ಲಾರಿ ಹತ್ತಿದ್ದಳು.

ಸಂತೆಯಲ್ಲಿ ಎಷ್ಟೋ ಸಲ ಅವಳನ್ನು ಕಂಡೂ ಬಾಯಿ ಬಿಡದ ಗಂಡು ಜೆಫೆ. ಇವತ್ತು ಮುಂದಿನ ಸೀಟು ಒರೆಸಿಟ್ಟಿದ್ದ. ಅವಳೋ, ಮುಂದೆ ಕೂತರೆ ಹೊಟ್ಟೆ ತೊಳಸುತ್ತದೆ ಎಂದು ಹಿಂದೆ ಆಡು, ಅಕ್ಕಿಮೂಟೆಗಳ ನಡುವೆ ಹೋಗಿ ಕೂತಳು. ಅಲ್ಲಿ ಲಾರಿಯ ಕ್ಲೀನರ್ ಅಲೆಶು ಇದ್ದ.

ಎಡಕ್ಕೆ ಮಂಜು ಹೊದ್ದ ಬೆಟ್ಟ, ಬಲಕ್ಕೆ ಕೆಂಪು ನೀರು ಕಲಸಿದ ಸಮುದ್ರ, ನಡುವೆ ಮಳೆಗೆ ಅರ್ಧ ಕೊಚ್ಚಿಹೋದ ರಸ್ತೆ. ಜೆಫೆ ನೋಡಿದ್ದು ಮಾತ್ರ ಕನ್ನಡಿಯನ್ನು. ಅದರಲ್ಲಿ ಇಬ್ಬರೂ ನಗುತ್ತಿದ್ದರು. ಅವನ ಮೈಯೆಲ್ಲ ಉರಿದುಹೋಯಿತು.

ಹೊಳೆ ತುಂಬಿ ಹರಿಯುತ್ತಿತ್ತು. ಅಲ್ಲಿ ಮೊಸಳೆಯನ್ನು ಅಜ್ಜ ಎಂದೇ ಕರೆಯುವುದು. ಎದೆಯ ಕೊಳಕು ಮುಚ್ಚಿಟ್ಟು ನೀರಿಗಿಳಿದವರನ್ನು ಅಜ್ಜ ಬಿಡುವುದಿಲ್ಲ. ಅಜ್ಜನಿಗೆಂದು ದಡದ ಕಲ್ಲಿನ ಮೇಲೆ ಅಡಿಕೆ, ವೀಳ್ಯ ಇಟ್ಟರು.

"ಅಜ್ಜ, ನನ್ನೆದೆ ಶುದ್ಧ" ಎಂದ ಅಲೆಶು.

"ನಂದೂ" ಎಂದು ಗೊಣಗಿದ ಜೆಫೆ.

ಅಲೆಶು ಬಿದಿರು ಊರಿ ಆಳ ನೋಡುತ್ತ ಮುಂದೆ ನಡೆದ. ನೀರು ಸೊಂಟಕ್ಕೆ ಬಂತು. ಲಾರಿ ಹಿಂದೆ ತೆವಳಿತು.

ಮೇಲಿನಿಂದ ಒಂದು ದಿಮ್ಮಿ ತೇಲಿ ಬಂತು. ದಿಮ್ಮಿಗೆ ಕಣ್ಣಿದ್ದವು.

ಅಲೆಶು ನೋಡಿರಲಿಲ್ಲ. ಜೆಫೆಯ ಕೈ ಹಾರ್ನಿನ ಮೇಲೆ ಹಾಗೇ ನಿಂತಿತು. ಹೋಗಲಿ, ಅಂದಿತು ಹೊಟ್ಟೆಕಿಚ್ಚು.

ಮರುಗಳಿಗೆ ಅವನು ಹಾರ್ನ್ ಒತ್ತಿದ. ಅಜ್ಜನೆದುರು ಸದ್ದು ಮಾಡಬಾರದು, ಮಾಡಿದ. ಸ್ಟೇರಿಂಗ್ ತಿರುಗಿಸಿ ಲಾರಿಯನ್ನು ಅಜ್ಜನಿಗೂ ಅಲೆಶುವಿಗೂ ನಡುವೆ ನುಗ್ಗಿಸಿದ. ಚಕ್ರ ಗುಂಡಿಗೆ ಬಿತ್ತು. ಎಂಜಿನ್ ನಿಂತಿತು. ಅಲೆಶು ಬಾನೆಟ್ ಹತ್ತಿದ.

ನೀರು ಕ್ಯಾಬಿನ್ನಿಗೆ ನುಗ್ಗತೊಡಗಿತು. ಅಜ್ಜ ಅಲ್ಲೇ ಇದ್ದ.

"ಯಾರ್ರೋ ಸುಳ್ ಹೇಳಿದ್ದು?" ಹಿಂದಿನಿಂದ ಅದೆಲಿನಾ ಕೇಳಿದಳು.

"ನಾನೇ." ಅಲೆಶು ಜೆಫೆಯ ಕಡೆ ತಿರುಗಿದ. "ಅಣ್ಣ, ದಾರಿಯುದ್ದಕ್ಕೂ ಇವ್ರು ನಿನ್ ವಿಷ್ಯಾನೇ ಕೇಳಿದ್ರು. ಜೆಫೆಗೆ ಯಾರಾದ್ರೂ ಇದಾರಾ, ಜೆಫೆ ಯಾಕ್ ಮಾತಾಡಲ್ಲ. ನನ್ ಹೊಟ್ಟೆ ಉರೀತಿತ್ತು."

"ಮತ್ತೆ ಆ ನಗು?"

"ನೀನು ಸೀಟು ಒರೆಸಿದ್ದಕ್ಕೆ" ಎಂದಳು ಅದೆಲಿನಾ.

ಜೆಫೆ ತಲೆ ತಗ್ಗಿಸಿದ. "ನಂದೂ ಸುಳ್ಳೇ ಕಣೋ. ಹಾರ್ನ್ ಒತ್ತೋಕ್ ಮುಂಚೆ ಒಂದ್ ಗಳಿಗೆ ಸುಮ್ನಿದ್ದೆ."

"ಆದ್ರೂ ಒತ್ತಿದೆಯಲ್ಲ" ಎಂದ ಅಲೆಶು.

ಅವರು ತಿರುಗಿ ನೋಡಿದಾಗ ನೀರಿನಲ್ಲಿ ಅಜ್ಜ ಇರಲಿಲ್ಲ. ಹಾರ್ನ್ ಕೇಳಿ ಓಡಿಬಂದ ಅದೆಲಿನಾಳ ಮಾವಂದಿರು ಕೋಣಗಳನ್ನು ಕಟ್ಟಿ ಲಾರಿಯನ್ನು ದಡಕ್ಕೆಳೆದರು. ಬಟ್ಟೆ ಒದ್ದೆಯಾಗಿರಲಿಲ್ಲ. ಸಂಜೆ ಬೆಳಕಿನಲ್ಲೇ ಗಂಟು ಬಿಗಿದರು.

ಹೊಳೆಯ ನೀರು ಇಳಿದ ಮೇಲೆ ಲಾರಿ ವಾಪಸು ಹೊರಟಿತು. ಅದೆಲಿನಾ ಬಂದು ಮುಂದಿನ ಸೀಟಿನಲ್ಲೇ ಕೂತಳು.

"ಹೊಟ್ಟೆ ತೊಳಸಲ್ವಾ?" ಎಂದ ಜೆಫೆ.

"ಇಲ್ಲ."

ದಾರಿಯಲ್ಲಿ ಅವಳು ಕಿಟಕಿಯಿಂದ ಯಾರೋ ಕುದುರೆ ಸವಾರನಿಗೆ ಕೈ ಬೀಸಿದಳು. ಅವನೂ ಹಲ್ಲು ಕಿರಿದ.

"ಯಾರವ್ನು?" ಎಂದ ಜೆಫೆ.

ಅದೆಲಿನಾ ಅಡಿಕೆ ಬಾಯಿಗೆ ಹಾಕಿಕೊಂಡಳು. "ಮುಂದೆ ನೋಡ್ಕೊಂಡ್ ಓಡ್ಸು. ಹೊಳೆ ಬಂತು. ಅಜ್ಜಂಗೆ ಏನ್ ಹೇಳ್ತೀಯ, ಈಗ್ಲೇ ಯೋಚ್ನೆ ಮಾಡಿಟ್ಕೋ."