ಎರಡನೇ ದಿನ, ಮಧ್ಯಾಹ್ನದ ಊಟ

ಹದಿನಾಲ್ಕು ಮಂದಿ ಅಪರಿಚಿತರು ಒಮ್ಮೆಲೇ ಅಂಗಳಕ್ಕೆ ಇಳಿದಾಗ ದಿವ್ಯಾ ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೆಯ ನೈಟಿಯ ಮೇಲೆ ಟವೆಲ್ ಹೊದ್ದು ಜಗಲಿಯಲ್ಲಿ ಕೂತಿದ್ದಳು. ಬೈಂದೂರಿನ ಮೆಡಿಕಲ್ ಶಾಪಿನಲ್ಲಿ ಆರು ದಿನ ನಿಂತೇ ಇರುವ ಕಾಲುಗಳಿಗೆ ಭಾನುವಾರ ಒಂದೇ ರಜೆ.

"ಎಕ್ಸ್‌ಕ್ಯೂಸ್ ಮಿ, ಹಾಗೇ ಇರಿ. ತುಂಬಾ ನ್ಯಾಚುರಲ್ ಆಗಿದೆ," ಎಂದು ಕೂಲಿಂಗ್ ಗ್ಲಾಸಿನ ಒಬ್ಬಾಕೆ ಮೊಬೈಲ್ ಎತ್ತಿದಳು.

ದಿವ್ಯಾ ಹಾಗೇ ಇರಲಿಲ್ಲ. ಒಳಗೆ ಓಡಿದಳು.

ಅಡುಗೆಮನೆಯಿಂದ ಅಮ್ಮ ಪದ್ದು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕಡಲಿಗೆ ಹೋಗುವ ದಾರಿ ತಪ್ಪಿ ಬಂದವರಿರಬೇಕು ಎಂದುಕೊಂಡು, ರೂಢಿಯ ಮಾತನ್ನೇ ಆಡಿದರು. "ಬನ್ನಿ, ಬನ್ನಿ, ಕೂಕಣಿ. ಈ ಬಿಸ್ಲಂಗೆ ಬಂದಿರಿ. ಉಂಡ್ಕಂಡೇ ಹೋಯ್ನಿ."

"ಅದಕ್ಕೇ ಅಲ್ವಾ ಬಂದಿರೋದು," ಎಂದರು ಒಬ್ಬ ಹಿರಿಯರು, ವಾಚು ನೋಡಿಕೊಂಡು. "ಹನ್ನೆರಡೂವರೆಗೆ ಲಂಚ್ ಅಂತ ಹಾಕಿದ್ದಾರೆ."

ಮಿನಿ ಬಸ್ಸಿನ ಡ್ರೈವರ್ ಬೇಲಿಯ ಹೊರಗೇ ನಿಂತು ತಲೆ ಕೆರೆದುಕೊಂಡ. "ನಂಗೆಂತ ಗೊತ್ತಿಲ್ಲೆ ಪದ್ದಕ್ಕ. ರತನಣ್ಣ ಬ್ರಹ್ಮಾವರ ಬದಿಗೆ ಬೇರೆ ಪಾರ್ಟಿ ಕರ್ಕಂಡ್ ಹೋಯಿರ್. ಇವ್ರನ್ನ ಇಲ್ಲ್ ಇಳ್ಸುಕೆ ಹೇಳಿರ್."

ರತನ್ ಎಂಬ ಹೆಸರು ಕಿಟಕಿಯ ಹಿಂದೆ ನಿಂತಿದ್ದ ದಿವ್ಯಾಳ ಕಿವಿಗೆ ಬಿತ್ತು. ಅವಳು ಕಿಟಕಿಗೆ ಇನ್ನಷ್ಟು ಹತ್ತಿರ ಸರಿದಳು.

ಮನೆಯಲ್ಲಿದ್ದದ್ದು ಇಬ್ಬರಿಗೆ ಸಾಕಾಗುವಷ್ಟು ಬಂಗುಡೆ ಸಾರು. ಆದರೂ ಅಂಗಳಕ್ಕೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಪದ್ದುವಿನಿಂದ ಆಗದ ಕೆಲಸ. ಪಕ್ಕದ ಮನೆಯ ಚಂದ್ರಮತಿಯಿಂದ ಮೀನು ಬಂತು, ಆಚೆ ಮನೆಯಿಂದ ಅನ್ನ ಬಂತು, ಇನ್ನೊಂದು ಮನೆಯಿಂದ ಪ್ಲೇಟು ಬಂತು. ಎಣ್ಣೆ ತಲೆಗೆ ಹಾಗೇ ಗಂಟು ಹಾಕಿ ದಿವ್ಯಾ ಬಡಿಸಿದಳು. ಬಂದವರು ಪಾತ್ರೆಯ ಮುಚ್ಚಳ ತೆಗೆದು ವಿಡಿಯೋ ಮಾಡಿದರು. ದೇವರ ಕೋಣೆಗೆ ಇಣುಕಿದರು. "ಗಂಡಸರು ಕಡಲಿಗೆ ಹೋದಾಗ ನಿಮಗೆ ಭಯ ಆಗಲ್ವಾ?" ಎಂದು, ಬಾಯಲ್ಲಿ ಮೀನಿನ ಮುಳ್ಳು ಇಟ್ಟುಕೊಂಡೇ ಕೇಳಿದರು. ಅಪ್ಪ ಬೋಟಿಗೆ ಹೋಗಿ ಎಂಟು ದಿನವಾಗಿತ್ತು. ಆ ಪ್ರಶ್ನೆಗೆ ಪದ್ದು ಸುಮ್ಮನೆ ಇನ್ನೊಂದು ಸೌಟು ಸಾರು ಹಾಕಿದರು.

ಬಸ್ಸು ಹೋದ ಮೇಲೆ ಜಗಲಿಯಲ್ಲಿ ಒಂದು ಕಾಗದ ಬಿದ್ದಿತ್ತು. ಪಡುಗಾಳಿ ಟೂರ್ಸ್, ಕುಂದಾಪುರ. ರತನ್ ನಡೆಸುವ ಕಂಪನಿ. ಮಾತ್ರೆಯ ಡಬ್ಬಿಯ ಸಣ್ಣ ಅಕ್ಷರ ಓದಿ ಅಭ್ಯಾಸವಿದ್ದ ದಿವ್ಯಾ ಒಂದಕ್ಷರ ಬಿಡದೆ ಓದಿದಳು. ಎಕಾನಮಿ ಪ್ಯಾಕೇಜಿನಲ್ಲಿ ಬಸ್ಸು ಮತ್ತು ರೂಮು, ಅಷ್ಟೇ. ಫ್ಯಾಮಿಲಿ ಪ್ಯಾಕೇಜಿಗೆ ಬೆಳಗಿನ ತಿಂಡಿ, ಗೈಡ್, ರೈಲ್ವೆ ಸ್ಟೇಷನ್ನಿನಿಂದ ಪಿಕಪ್. ಡಿಲಕ್ಸ್ ತೆಗೆದುಕೊಂಡವರಿಗೆ ಇದೆಲ್ಲದರ ಜೊತೆ ಬೀಚ್, ಹೊಳೆಯಲ್ಲಿ ದೋಣಿ. ಅದರ ಕೆಳಗೆ ಹೀಗೆ ಬರೆದಿತ್ತು: "ಎರಡನೇ ದಿನ, ಮಧ್ಯಾಹ್ನ 12.30: ಮೀನುಗಾರರ ಮನೆಯಲ್ಲಿ ಊಟ. ಮನೆಯ ಮಗಳೇ ಬಡಿಸುತ್ತಾರೆ."

ಮನೆಯ ಮಗಳೇ!

ಹೇಳಿ, ಯಾರಿಗೆ ಸಿಟ್ಟು ಬರುವುದಿಲ್ಲ? ಅದೂ ಆ ಸಾಲು ಬರೆದವನು ರತನ್ ಆಗಿರುವಾಗ.

ನಾಲ್ಕು ತಿಂಗಳ ಹಿಂದೆ ಅವನು ಮೊದಲ ಸಲ ಅಂಗಡಿಗೆ ಬಂದದ್ದು ಘಟ್ಟ ಹತ್ತುವ ಬಸ್ಸಿಗೆ ವಾಂತಿ ಮಾತ್ರೆ ಕೊಳ್ಳಲು. ಆಮೇಲೆ ಪ್ರತಿ ಗುರುವಾರ ಬರತೊಡಗಿದ. ಪ್ರತಿ ಸಲವೂ ಅದೇ ಮಾತ್ರೆ, ಒಂದು ಸ್ಟ್ರಿಪ್ ಹೆಚ್ಚು.

"ನಿಮ್ಮ ಬಸ್ಸಂಗೆ ಒಬ್ರಾರೂ ವಾಂತಿ ಮಾಡ್ದೆ ಕೂಕಂತ್ರಾ?" ಎಂದು ಅವಳು ಕೇಳಿದ್ದಳು.

"ಇಲ್ಲೆ. ಈಗೀಗ ಡ್ರೈವರಿಗೂ ಶುರು ಆಯ್ತ್," ಎಂದಿದ್ದ ಅವನು, ಅವಳನ್ನು ನೋಡದೆ ಕೌಂಟರಿನ ಗಾಜನ್ನೇ ನೋಡುತ್ತ. ಕಿವಿ ಮಾತ್ರ ಕೆಂಪಾಗಿತ್ತು.

ಮಳೆಗಾಲದ ಒಂದು ದಿನ ಪದ್ದುವಿನ ಬಿ.ಪಿ. ಮಾತ್ರೆ ಮನೆಗೆ ತಲುಪಿಸಿದ ನೆಪದಲ್ಲಿ ಒಳಗೆ ಬಂದ, ಉಂಡ. ಆಮೇಲೂ ಎರಡು ಸಲ ಉಂಡ. ದಿವ್ಯಾ ಬಡಿಸುವಾಗ ಅವಳ ಬಳೆ ನೋಡುತ್ತ ಸಾಕು ಎನ್ನಲು ಮರೆಯುತ್ತಿದ್ದ. ಅನ್ನ ತಟ್ಟೆಯಲ್ಲಿ ಗುಡ್ಡೆಯಾಗುತ್ತಿತ್ತು. ಅವಳು ಬೇಕೆಂದೇ ಇನ್ನೊಂದು ಸೌಟು ಹಾಕುತ್ತಿದ್ದಳು. ಆಗ ತಲೆ ಎತ್ತಿ ನೋಡುತ್ತಿದ್ದನಲ್ಲ, ಆ ಒಂದು ನೋಟವನ್ನು ನೆನೆದು ಅವಳು ಮುಂದಿನ ಗುರುವಾರದವರೆಗೆ ದಿನ ಎಣಿಸಿದ್ದಳು. ಪೆದ್ದಿ! ಅವನು ನೋಡಿದ್ದು ಅವಳನ್ನಲ್ಲ. ಎಷ್ಟು ಜನ ಕೂರಬಹುದು, ಎಲ್ಲಿ ಕೈ ತೊಳೆಯಬಹುದು ಎಂದು ಜಾಗ ನೋಡಿದ್ದ. ಹಾಗೆಂದು ಅವಳಿಗೆ ಖಾತ್ರಿಯಾಯಿತು, ಅಂದು ರಾತ್ರಿ ಅವಳು ಉಣ್ಣಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಕುಂದಾಪುರದ ಬಸ್ಸು ಹತ್ತಿದಳು. ಅವನ ಆಫೀಸಿನಲ್ಲಿ ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಕೂತಿದ್ದರು. ಅವಳನ್ನು ಕಂಡದ್ದೇ ರತನ್ ಮುಖವಿಡೀ ನಗುತ್ತ ಎದ್ದು ನಿಂತ.

ಅವಳು ಕಾಗದವನ್ನು ಮೇಜಿನ ಮೇಲೆ ಬಡಿದಳು. "ಇದನ್ನ ಓದಿ ಕಾಂಬ. ಜೋರಾಗ್ ಓದಿ."

ನಗು ಅರ್ಧಕ್ಕೇ ನಿಂತಿತು. "ಅದ್... ಅವ್ರ್ ನಿನ್ನೆ ಬಂದಿರಾ? ಮೊದ್ಲೇ ಫೋನ್ ಮಾಡ್ಕ್ ಅಂದೇಳಿ ಇದ್ದೆ, ನೆಟ್‌ವರ್ಕ್..."

"ಫೋನ್ ಮಾಡಿ ಎಂತ ಹೇಳ್ತಿದ್ರಿ? ತಲಿಗ್ ಎಣ್ಣಿ ಹಚ್ಕಣ್ಬ್ಯಾಡ ಅಂದೇಳಿಯಾ?"

"ನಿಮ್ಮಮ್ಮನೇ ಹೇಳಿದ್ರಲ್ಲ," ಎಂದ ಅವನು ಮೆಲ್ಲಗೆ. "ನಿಮ್ಮ ಬಸ್ಸಿನವ್ರನ್ನೂ ಒಂದಿನ ಕರ್ಕಂಡ್ ಬನ್ನಿ, ಉಂಡ್ಕಂಡ್ ಹೋಯ್ಲಿ ಅಂದಿರ್. ನಾನ್ ಅದನ್ನ..."

"ಬರ್ಕಂಡ್ರಿ!" ದಿವ್ಯಾ ಕಾಗದವನ್ನು ಅವನತ್ತ ತಳ್ಳಿದಳು. "ಕರೆಂಟ್ ಮೀಟರ್ ಕಾಂಬುಕೆ ಬಪ್ಪವ್ರಿಗೂ ನನ್ನಮ್ಮ ಉಂಡ್ಕಂಡ್ ಹೋಯ್ನಿ ಅಂತ್ರ್. ಅವ್ರ್ ಬಸ್ ಮಾಡ್ಕಂಡ್ ಬತ್ರಾ? ನೀವೇನ್ ಹೊರಗಿನವ್ರಾ? ನಿಮ್ಮನಿಯಂಗೆ ಹೀಂಗೆ ಹೇಳುದಿಲ್ಯಾ?"

"ಹೇಳ್ತ್ರ್..."

"ಹಾಂಗಾರೆ ಗೊತ್ತಿದ್ದೇ ಮಾಡದ್."

"ಕವರಂಗೆ ದುಡ್ಡ್ ಹಾಕಿ ಕೊಡ್ಕ್ ಅಂದೇಳಿ ಇತ್ತ್," ಎಂದುಬಿಟ್ಟ ಪುಣ್ಯಾತ್ಮ.

ಆ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಗಿರಾಕಿ ಹೆಂಗಸು ಬ್ಯಾಗನ್ನು ಎದೆಗವಚಿಕೊಂಡಳು.

"ಬಪ್ಪ ಭಾನುವಾರ ಹನ್ನೆರಡೂವರೆಗೆ ನಾನ್ ಅಮ್ಮನ ಕರ್ಕಂಡ್ ಹೆಮ್ಮಾಡಿಗೆ ಬತ್ತೆ. ನಿನ್ನ ಮನಿಗೆ. ಡಿಲಕ್ಸ್ ಪ್ಯಾಕೇಜ್. ನಿನ್ನಮ್ಮನ ಹತ್ರ ಬಾಗ್ಲಂಗೆ ನಿಲ್ಲುಕೆ ಹೇಳ್. ನಾನ್ ಫೋಟೋ ತೆಗೀತೆ, ಮುಚ್ಲ ತೆಗ್ದ್ ಕಾಣ್ತೆ, ಬಾಯಿಗ್ ಬಂದದ್ದ್ ಕೇಂತೆ. ನೀನೇ ಬಡಿಸ್ಕ್. ಆಗ ಗೊತ್ತಾತ್ ನಿಂಗೆ."

ವಾಪಸು ಬರುವ ಬಸ್ಸಿನಲ್ಲಿ, ತಲ್ಲೂರು ದಾಟುವಾಗ, ಅವನನ್ನು ಮೊದಲ ಸಲ ನೀನು ಎಂದದ್ದು ಅವಳಿಗೆ ಹೊಳೆಯಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಭಾನುವಾರ ಪದ್ದು ಅಲ್ಮಾರಿನಿಂದ ರೇಷ್ಮೆ ಸೀರೆ ತೆಗೆದರು. ಚಂದ್ರಮತಿಯೂ ಮಲ್ಲಿಗೆ ಮುಡಿದು ತಯಾರಾಗಿ ನಿಂತಿದ್ದರು.

"ಜಗಳಕ್ಕ್ ಹೋಪುಕೆ ರೇಷ್ಮೆ ಎಂತಕಮ್ಮ?"

"ಒಬ್ರ್ ಮನಿಗೆ ಹೋತಾ ಇದ್ದಲ್ಲ ಹೆಣೆ. ನೀನೂ ಆ ಹಸ್ರ್ ಚೂಡಿದಾರ ಹಾಕ್ಕೊ," ಎಂದರು ಪದ್ದು, ಮಗಳ ಮುಖ ನೋಡದೆ.

ಹೆಮ್ಮಾಡಿಯಲ್ಲಿ ಹೊಳೆ ಬದಿಯ ಆ ಮನೆಯ ಅಂಗಳ ಗುಡಿಸಿ ಸಾರಿಸಿತ್ತು. ಕುರ್ಚಿಗಳು ಸಾಲಾಗಿದ್ದವು. ರತನ್‌ನ ಅಮ್ಮ ಸರೋಜ ಬಾಗಿಲಲ್ಲೇ ನಿಂತಿದ್ದರು, ಅವರ ಮೈಮೇಲೂ ರೇಷ್ಮೆ. ಕಾಲಿಗೆ ನೀರು, ಕೈಗೆ ಬೆಲ್ಲ ನೀರು. ಇದೆಂಥ ಪ್ಯಾಕೇಜು ಎಂದು ದಿವ್ಯಾಳಿಗೆ ಅನುಮಾನ ಬಂದರೂ, ಬಂದ ಕೆಲಸ ಬಿಡುವವಳಲ್ಲ ಅವಳು. ಮೊಬೈಲ್ ತೆಗೆದಳು. ಸರೋಜರ ಫೋಟೋ ತೆಗೆದಳು. ಸರೋಜ ಸೆರಗು ಸರಿಮಾಡಿಕೊಂಡು ಇನ್ನೊಂದಕ್ಕೆ ನಿಂತರು.

"ಎಷ್ಟು ರೂಮಿದೆ ಈ ಮನೆಯಲ್ಲಿ?" ಎಂದು ಬಸ್ಸಿನವರ ಧಾಟಿಯಲ್ಲೇ ಕೇಳಿದಳು.

"ಮೂರ್ ಇತ್ ಮಗಾ. ಮೇಲ್ ಇನ್ನೊಂದ್ ಕಟ್ಟುಕೆ ಇವ ಇಟ್ಟಂಗಿ ತರ್ಸಿದ."

"ಬಾವಿ ನೀರು ಉಪ್ಪಾ?"

"ಇಲ್ಲೆ ಇಲ್ಲೆ! ಕುಡ್ದ್ ಕಾಣಿ ಕಾಂಬ!" ಸರೋಜ ತಾವೇ ಓಡಿ ಒಂದು ಲೋಟ ತಂದರು.

"ನಿಮ್ಮ ಮಗ ಎಷ್ಟು ದುಡೀತಾನೆ? ಕುಡೀತಾನಾ?"

"ಕೇಣ್ಕೇ ಮಗಾ, ಎಲ್ಲ ಕೇಂಡ್ ತಿಳ್ಕಣ್ಕ್. ಟೀ ಬಿಟ್ರೆ ಎಂತ ಕುಡುದಿಲ್ಲೆ. ಸೀಸನ್ನಂಗೆ ಒಳ್ಳೆ ದುಡಿತ."

ದಿವ್ಯಾಳಿಗೆ ತಲೆಬುಡ ತಿಳಿಯಲಿಲ್ಲ. ಅವಳು ಎಷ್ಟು ಒರಟಾಗಿ ಕೇಳಿದರೆ ಆ ಹೆಂಗಸಿನ ಮುಖ ಅಷ್ಟು ಅರಳುತ್ತಿತ್ತು. ಬಾಗಿಲ ಸಂದಿಯಲ್ಲಿ ರತನ್ ತಟ್ಟೆ ಹಿಡಿದುಕೊಂಡು ನೆಲ ನೋಡುತ್ತಿದ್ದ. ಅವಳು ಸೀದಾ ಅಡುಗೆಮನೆಗೆ ನುಗ್ಗಿ ಮೀನು ಸಾರಿನ ಪಾತ್ರೆಯ ಮುಚ್ಚಳ ಎತ್ತಿದಳು.

"ಕಂಡ್ರ್ಯಾ ಪದ್ದಕ್ಕ," ಎಂದರು ಹಿಂದಿನಿಂದ ಸರೋಜ, ಖುಷಿಯಲ್ಲಿ ಸ್ವರ ಏರಿಸಿ. "ಮನಿ ಕಾಂಬುಕೆ ಬಂದ್ ಹೆಣ್ ಅಂದ್ರೆ ಹೀಂಗಿರ್ಕ್. ಗಂಡಿನ ಮನಿ ಅಡ್ಗಿ ಪಾತ್ರಿಯಿಂದ ಹಿಡ್ದ್ ಎಲ್ಲ ಕಂಡೇ ಒಪ್ಕಣ್ಕ್."

ಮುಚ್ಚಳ ಅವಳ ಕೈಯಲ್ಲೇ ಉಳಿಯಿತು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದಾಗ ಕೇಳುವ ಪ್ರಶ್ನೆಗಳನ್ನೇ ಅವಳು ಒಂದೂ ಬಿಡದೆ ಕೇಳಿ ಮುಗಿಸಿದ್ದಳು.

ಹಿತ್ತಿಲ ಬಾವಿಕಟ್ಟೆಗೆ ಅವನನ್ನು ಅಕ್ಷರಶಃ ಎಳೆದುಕೊಂಡು ಹೋದಳು. "ನಿನ್ನಮ್ಮನಿಗೆ ಎಂತ ಹೇಳಿದ್ದೆ?"

"ಬೈಂದೂರಿಂದ ದಿವ್ಯಾ, ಅವ್ಳ ಅಮ್ಮ ಮನಿ ಕಾಂಬುಕೆ ಬತ್ರ್ ಅಂದೆ. ಅಷ್ಟೇ. ಅಮ್ಮ ಅವ್ರಿಗ್ ಬೇಕಾದಾಂಗೆ ತಿಳ್ಕಂಡ್ರ್."

"ನೀನ್ ಹಾಂಗಲ್ಲ ಅಂದೇಳಿ ಹೇಳ್ಲಿಲ್ಲೆ?"

"ಹೇಳುಕೆ ಮನ್ಸ್ ಬರ್ಲಿಲ್ಲೆ." ಈಗ ಅವನು ತಲೆ ಎತ್ತಿದ. ಅದೇ ನೋಟ. "ದಿವ್ಯಾ, ನಾನ್ ಜಾಗ ಕಾಂಬುಕೆ ಬಂದದ್ದಲ್ಲ. ನಿನ್ನ ಕಾಂಬುಕೆ ಬಂದದ್ದ್. ಆ ಡಿಲಕ್ಸ್ ಲಿಸ್ಟ್ ಬರೂಕೆ ಕೂಕಂಡಾಗ ಬೀಚ್ ಬರ್ದೆ, ದೋಣಿ ಬರ್ದೆ. ನಮ್ಮೂರಂಗೆ ಇನ್ನೆಂತ ಒಳ್ಳೆದಿತ್ ಅಂದ್ರೆ ನಿಮ್ಮನಿ ಒಂದೇ ಕಣ್ಣಿಗ್ ಬಂದದ್ದ್. ಬರ್ದೆ. ಅದ್ ಮಾರುಕೆ ನಂದಲ್ಲ ಅಂಬುದ್ ತಲಿಗೇ ಹೋಯ್ಲಿಲ್ಲೆ. ತಪ್ಪಾಯ್ತ್. ಬುಕ್ ಮಾಡದವ್ರಿಗೆಲ್ಲ ಫೋನ್ ಮಾಡಿ ಆ ಊಟ ಇಲ್ಲೆ ಅಂದೇಳಿ ಹೇಳಿದೆ. ನಾಕ್ ಜನ ಬಯ್ದ್ರ್, ಇಬ್ರ್ ಕ್ಯಾನ್ಸಲ್ ಮಾಡ್ರ್."

ಮನಸ್ಸು ಕರಗಿತ್ತು. ಆದರೆ ಅದನ್ನು ಮೀರಿಸುವ ಇನ್ನೊಂದು ಸಿಟ್ಟು ಅವಳ ನೆತ್ತಿಗೇರಿತು.

"ಮತ್ತೂ ಹಾಂಗೇ ಮಾಡ್ದ್ಯಲ್ಲ! ಊಟನೂ ನನ್ನ ಕೇಣದೆ, ಈಗ ಮದಿನೂ ನನ್ನ ಕೇಣದೆ! ಬಸ್ಸಿನವ್ರಿಗೆ ಹೇಳ್ದೆ, ನಿನ್ನಮ್ಮನ ಮನ್ಸಂಗೆ ಆಸೆ ಹುಟ್ಸಿದೆ. ನಂಗೆ ಬಾಯಿ ಇಲ್ಯಾ? ನಾನೊಬ್ಳ್ ಇದ್ದೆ ಅಂಬುದ್ ನಿಂಗ್ ನೆನಪೇ ಇಲ್ಯಾ?"

ರತನ್ ತಿರುಗಿ ಸೀದಾ ಜಗಲಿಗೆ ನಡೆದ. ಅವಳು ಗಾಬರಿಯಾಗಿ ಹಿಂದೆಯೇ ಓಡಿದಳು.

"ಅಮ್ಮ," ಎಂದ ಅವನು ಎಲ್ಲರೆದುರು. "ಇವ್ರ್ ಸಂಬಂಧ ಕಾಂಬುಕೆ ಬಂದದ್ದಲ್ಲ. ನಾನ್ ಇವ್ರ ಮನಿ ಊಟನ ಕೇಣದೆ ಪ್ಯಾಕೇಜಿಗೆ ಹಾಕಿ ಮಾರ್ದೆ. ಮನಿ ಮಗ್ಳೇ ಬಡಿಸತ್ತ್ ಅಂದೇಳಿನೂ ಬರ್ದೆ. ನಂಗೆ ಬುದ್ಧಿ ಕಲ್ಸುಕೆ ಬಂದದ್ದ್."

ಸರೋಜ ಮಗನನ್ನು ನೋಡಿದರು, ಸಾಲಾಗಿಟ್ಟ ಕುರ್ಚಿಗಳನ್ನು ನೋಡಿದರು.

"ಕಂಡವ್ರ ಮನಿ ಅನ್ನ ಮಾರುಕ್ ಹೋದ್ಯಾ? ಮನಿ ಹೆಣ್ಣಿನ ಹೆಸ್ರ್ ಹೇಳಿ? ನಾಚ್ಕಿ ಆಯ್ಲಿಲ್ಯಾ ನಿಂಗೆ?" ಬಯ್ಯುತ್ತ ಬಯ್ಯುತ್ತ ಅವರ ಸ್ವರ ಒಡೆಯಿತು. ಪದ್ದುವಿನ ಕೈ ಹಿಡಿದುಕೊಂಡರು. "ನಿಮ್ಮ ಮುಖ ಹ್ಯಾಂಗ್ ಕಾಂಬುದ್ ನಾನ್?"

"ನಂಗ್ ಗೊತ್ತಿದ್ದೇ ಬಂದದ್ದ್ ಸರೋಜಕ್ಕ," ಎಂದರು ಪದ್ದು. "ಹದ್ನಾಕ್ ಜನ ಉಂಡದ್ದಕ್ಕೆ ನಂಗ್ ಬೇಜಾರಿಲ್ಲೆ. ಈ ಹೆಣ್ ಒಂದ್ ವಾರದಿಂದ ಸಮಾ ಉಣ್ಲಿಲ್ಲೆ. ಅದಕ್ಕೆ ಬಂದೆ."

"ಅಮ್ಮಾ!" ಎಂದಳು ದಿವ್ಯಾ. ಮುಖ ಸುಟ್ಟುಹೋದಂತಾಯಿತು.

ರತನ್ ಅವಳತ್ತ ತಿರುಗಿದ. ಕೈಯಲ್ಲಿ ಇನ್ನೂ ತಟ್ಟೆ ಇತ್ತು. "ಈಗ ಕೇಂತೆ. ನನ್ನ ಮದಿ ಆತ್ಯಾ ದಿವ್ಯಾ? ಇಲ್ಲೆ ಅಂದ್ರೆ ಇಲ್ಲೆ. ಊಟ ಮಾಡ್ಸಿ ಬೈಂದೂರಿಗೆ ಬಿಟ್ಟ್ ಬತ್ತೆ. ಮತ್ತೆ ಗುರುವಾರ ಬಪ್ಪುದಿಲ್ಲೆ."

ಇನ್ನು ಅಂಗಡಿ ಕಡೆ ಬರಬೇಡ ಎನ್ನಲು ಅವಳು ವಾರವಿಡೀ ತಯಾರಿ ಮಾಡಿಕೊಂಡಿದ್ದಳು. ಹೇಗೆ ಹೇಳಬೇಕು, ಹೇಳಿ ಹೇಗೆ ತಿರುಗಿ ನೋಡದೆ ನಡೆಯಬೇಕು ಎಂದೆಲ್ಲ ಯೋಚಿಸಿಟ್ಟಿದ್ದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಇನ್ನು ಗುರುವಾರ ಅವನು ಬರುವುದಿಲ್ಲ ಎಂಬ ಮಾತೊಂದೇ ಅವಳ ಎದೆಯಲ್ಲಿ ಚುಚ್ಚುತ್ತಿತ್ತು.

"ನಂಗೆ ಇನ್ನೂ ಸಿಟ್ ಇತ್," ಎಂದಳು.

"ಗೊತ್ತಿತ್."

"ಸುಮಾರ್ ದಿನ ಇರತ್ತ್."

"ಇರ್ಲಿ."

"ಮದಿ ಆದ್ ಮೇಲೂ ಇರತ್ತ್."

"ಇರ್ಲಿ ಅಂದೆನಲ್ಲ," ಎಂದ ರತನ್, ಸೋತ ಮುಖದಲ್ಲಿ. ಅವಳು ಹೇಳಿದ್ದೇನೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಅಮ್ಮನಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಸರೋಜ ಆಗಲೇ ದಿವ್ಯಾಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ್ದರು.